ಲಿಫ್ಟಿನಜ್ಜನ ಮನೆ ಮುಚ್ಚಿದ ದಿನ

ಸೈರಾಕಾನ್ ಬಗ್ಗಿ ಬಾಲ್ಕನಿಯ ಗೋಡೆಯಲ್ಲಿದ್ದ ಪ್ಲಗ್ಗನ್ನು ಹಿಡಿದು ಜಗ್ಗಿದಳು. ಅದು ಸುಲಭಕ್ಕೆ ಬರಲಿಲ್ಲ. ಎರಡನೇ ಸಲ ಗೋಡೆಗೆ ಕಾಲು ಕೊಟ್ಟು ಜಗ್ಗಿದಾಗ ಕಿತ್ತುಬಂತು. ಉಪ್ಪಿನಕಾಯಿ ಜಾಡಿಗಳ ಪಕ್ಕದಲ್ಲಿ ಹನ್ನೊಂದು ವರ್ಷದಿಂದ ಗುಂಯ್‌ಗುಡುತ್ತಿದ್ದ ಕಪ್ಪು ಪೆಟ್ಟಿಗೆ ಒಮ್ಮೆ ಸೀನಿದ ಹಾಗೆ ಮಾಡಿ ತೆಪ್ಪಗಾಯಿತು.

"ಸಿಕ್ತಾ ಅಪಾ?" ಅಮ್ಮನನ್ನು ಅಪಾ ಎನ್ನುವ ಮಗ ಎರ್ಮೆಕ್ ಕೆಳಗಿನಿಂದ ಕೂಗಿದ.

"ಸಿಕ್ತು. ವೈರು ಬಿಡ್ತೀನಿ, ಹಿಡ್ಕೋ."

ಪೆಟ್ಟಿಗೆಯ ಪ್ಲಗ್ಗಿದ್ದ ಜಾಗಕ್ಕೆ ಸಿಕ್ಕಿಸಿದ ಉದ್ದನೆಯ ವೈರು ಎರಡನೇ ಮಹಡಿಯಿಂದ ಇಳಿದು ಅಂಗಳದ ಯುರ್ತಿನ ಉಣ್ಣೆಗೋಡೆಯನ್ನು ಮುಟ್ಟಿತು. ಒಂಬತ್ತು ಮಹಡಿಯ ನಾಲ್ಕು ಕಟ್ಟಡಗಳ ನಡುವೆ, ಕಾರು ನಿಲ್ಲಿಸುವ ಜಾಗದಲ್ಲಿ ನಿನ್ನೆ ಸಂಜೆ ಆ ದುಂಡನೆಯ ಡೇರೆಯನ್ನು ಎಬ್ಬಿಸಿದ್ದರು. ಒಳಗೆ ಪರದೆಯ ಹಿಂದೆ ಅವಳ ಗಂಡ ಮೂಕಂಬೆತ್ ಮಲಗಿದ್ದ. ಮೊನ್ನೆ ಬೆಳಿಗ್ಗೆ ಚಹಾದ ಬಟ್ಟಲು ಕೈಯಲ್ಲಿರುವಾಗಲೇ ಅವನ ಜೀವ ಹೋಗಿತ್ತು. ಮೂವತ್ತು ವರ್ಷ ಬಿಷ್ಕೆಕ್ಕಿನ ಲಿಫ್ಟುಗಳನ್ನು ರಿಪೇರಿ ಮಾಡಿದ ಮನುಷ್ಯ. ಮಾತು ಕಮ್ಮಿ. ಮದುವೆ, ಹಬ್ಬ ಎಂದರೆ ಒಂದು ಮೂಲೆ ಹಿಡಿದು ಕೂತು, ಎಲ್ಲರಿಗಿಂತ ಮೊದಲು ಮನೆಗೆ ಹೊರಡುವವನು.

ಪೆಟ್ಟಿಗೆಯ ಸದ್ದು ನಿಂತದ್ದು ಸೈರಾಕಾನಳಿಗೆ ಹಿತವಾಯಿತು. ಸುಳ್ಳೇಕೆ, ಅಂಥ ಹೊತ್ತಿನಲ್ಲೂ ಹಿತವಾಯಿತು. ಆಮೇಲೆ ಕರಿ ಶಾಲು ಹೊದ್ದು ಕೆಳಗಿಳಿದಳು.

ಯುರ್ತಿನ ಬಾಗಿಲಲ್ಲಿ ಭಾವ ಝಾಪಾರ್ ನಿಂತಿದ್ದ. ಕೋಚ್‌ಕೋರಿನಿಂದ ಹೆಂಡತಿ ಶಾರಿಪಾಳನ್ನು ಕರೆದುಕೊಂಡು ಬಂದವನು ಆಗಲೇ ಎಲ್ಲದರ ಯಜಮಾನಿಕೆ ವಹಿಸಿದ್ದ.

"ಊಟಕ್ಕೆ ಕುದುರೆ ಕಡಿಯೋದು ಬೇಡ ಅಂದ್ಬಿಟ್ಟೆ. ಒಂದು ಕುರಿ ಸಾಕು," ಎಂದ.

"ಎರ್ಮೆಕ್ ಕುದುರೆ ಹೇಳಿಟ್ಟಿದ್ದ."

"ತಿನ್ನೋರು ಯಾರಮ್ಮಾ? ನಾಳೆ ನಾನು ಸತ್ರೆ ಮೂರು ಹಳ್ಳಿ ಬರುತ್ತೆ. ಇವನಿಗೆ ಯಾರಿದ್ರು? ಅಕ್ಕಪಕ್ಕದ ನಾಲ್ಕು ಮನೆ, ಜೊತೆಗೆ ಲಿಫ್ಟು ರಿಪೇರಿ ಮಾಡ್ತಿದ್ದ ಇಬ್ಬರು ಮುದುಕ್ರು. ಯುರ್ತು ಚಿಕ್ಕದಾದ್ರೆ ತುಂಬಿದ ಹಾಗೆ ಕಾಣುತ್ತೆ ಅಂತ ಚಿಕ್ಕದನ್ನೇ ತರಿಸ್ದೆ. ನಾಚಿಕೆ ಆಗ್ಬಾರ್ದು ನೋಡು."

ಅವನು ಹೇಳಿದ್ದು ನಿಜವೆಂದು ಅವಳಿಗೂ ಗೊತ್ತಿತ್ತು. ಒಳಗೆ ಹೋಗಿ, ಬಾಗಿಲಿಗೆ ಬೆನ್ನು ಹಾಕಿ, ಪರದೆಯ ಪಕ್ಕ ಕೂತಳು.

❖

ಆ ಪೆಟ್ಟಿಗೆಗೂ ಮೊದಲು ತಂತಿಗಳಿದ್ದವು. ಎರ್ಮೆಕ್ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಮೂಕಂಬೆತ್ ನಾಲ್ಕೂ ಕಟ್ಟಡಗಳ ಮಾಳಿಗೆಯಿಂದ ಮಾಳಿಗೆಗೆ ಕೇಬಲ್ ಎಳೆದಿದ್ದ. ಲಿಫ್ಟಿನ ಯಂತ್ರದ ಕೋಣೆಗಳ ಬೀಗದಕೈ ಇದ್ದದ್ದು ಅವನೊಬ್ಬನಲ್ಲಿ. ಹಾಗಾಗಿ ಯಾರೂ ಬೇಡವೆನ್ನಲಿಲ್ಲ. ಒಬ್ಬರ ಕಂಪ್ಯೂಟರಿನ ಹಾಡು ಇನ್ನೊಬ್ಬರ ಮನೆಯಲ್ಲಿ ಕೇಳುತ್ತಿತ್ತು. ಮೂರನೇ ಕಟ್ಟಡದ ಹುಡುಗಿಯರು ಇವನ ಹಳೆಯ ಕೋಮುಜ್ ವಾದ್ಯದ ಹಾಡು ಒಯ್ದು, ಬದಲಿಗೆ ತಮ್ಮ ಕುಣಿತದ ಹಾಡು ಬಿಟ್ಟುಹೋಗುತ್ತಿದ್ದರು. ಇವನು ಅದನ್ನೂ ಕೇಳುತ್ತಿದ್ದ.

ಆಮೇಲೆ ಎಲ್ಲರ ಜೇಬಿಗೂ ಫೋನು ಬಂತು, ಫೋನಿನೊಳಗೇ ಹಾಡು ಬಂತು. ಒಬ್ಬೊಬ್ಬರಾಗಿ ಕೇಬಲ್ ಕಿತ್ತರು. ಮೂಕಂಬೆತ್ ಮಾತ್ರ ಕಿತ್ತದ್ದನ್ನೆಲ್ಲ ಸುತ್ತಿಟ್ಟು, ಈ ಕಪ್ಪು ಪೆಟ್ಟಿಗೆ ತಂದು, ಇಂಟರ್ನೆಟ್ಟಿಗೆ ಜೋಡಿಸಿ ಬಾಲ್ಕನಿಯಲ್ಲಿಟ್ಟ.

"ಅದ್ರೊಳಗೆ ಏನಿದೆ?" ಎಂದು ಅವಳು ಒಮ್ಮೆ ಕೇಳಿದ್ದಳು.

"ಹಾಡು."

"ಯಾರಿಗೆ?"

"ಕೇಳೋರಿಗೆ."

ಅವಳು ಮತ್ತೆ ಕೇಳಲಿಲ್ಲ. ಸಂಜೆ ಊಟವಾದ ಮೇಲೆ ಅವನು ಕಂಪ್ಯೂಟರಿನ ಮುಂದೆ ಕೂತು ಎರಡೇ ಬೆರಳಲ್ಲಿ ಟಪಟಪ ಕುಟ್ಟುತ್ತಿದ್ದ. "ಮನೇಲಿ ಹೆಂಡ್ತಿ ಅಂತ ಒಬ್ಳಿದಾಳೆ, ಗೊತ್ತಾ?" ಎಂದು ಅವಳು ಅಡುಗೆಮನೆಯಿಂದ ರೇಗುವುದು, ಅವನು ಎದ್ದುಬಂದು ತಟ್ಟೆ ಒರೆಸುವುದು, ಇದು ಹನ್ನೊಂದು ವರ್ಷ ನಡೆಯಿತು.

❖

ಒಂಬತ್ತು ಗಂಟೆಯ ಸುಮಾರಿಗೆ ಎರ್ಮೆಕ್ ಯುರ್ತಿನೊಳಗೆ ತಲೆ ಹಾಕಿದ. ತಂದೆ ಸತ್ತ ಮಗನ ಪದ್ಧತಿಯಂತೆ ಸೊಂಟಕ್ಕೆ ಪಟ್ಟಿ, ಕೈಯಲ್ಲಿ ಊರುಗೋಲು. ಬಂದವರು ಬಂದಾಗಲೆಲ್ಲ ಬಾಗಿಲಲ್ಲಿ ಬಗ್ಗಿ ನಿಂತು "ಅಯ್ಯೋ ನನ್ನಪ್ಪಾ, ನನ್ನ ಬೆಟ್ಟವೇ" ಎಂದು ಅತ್ತು ಅವನ ಗಂಟಲು ಆಗಲೇ ಕಟ್ಟಿತ್ತು.

"ಅಪಾ, ಅಪ್ಪನ ಫೋನಿಗೆ ಯಾರ್ಯಾರೋ ಮಾಡ್ತಿದಾರೆ. 'ಲಿಫ್ಟಿನಜ್ಜನ ಮನೆ ಯಾಕೆ ಮುಚ್ಚಿದೆ' ಅಂತಾರೆ."

"ಯಾವ ಮನೆ?"

"ಅದೇ ನಂಗೂ ಗೊತ್ತಾಗ್ಲಿಲ್ಲ. ಒಬ್ಬ ತೋಕ್ಮೋಕಿಂದ, ಮೆಣಸಿನಪುಡಿ ಅಂಗಡಿಯೋನಂತೆ. ಬೆಳಿಗ್ಗೆ ಅಂಗಡಿ ತೆಗೆದು ಹಾಡು ಹಾಕಿದ್ನಂತೆ, ಎಂಟು ಗಂಟೆಗೆ ಪಟ್ ಅಂತ ನಿಂತ್ಹೋಯ್ತಂತೆ. 'ಹನ್ನೊಂದು ವರ್ಷದಲ್ಲಿ ಒಂದಿನಾನೂ ಮುಚ್ಚಿದ್ದಿಲ್ಲ, ಯಜಮಾನ್ರು ಆರಾಮಿದಾರಾ' ಅಂದ. ಆರಾಮಿಲ್ಲ, ಹೋಗ್ಬಿಟ್ರು ಅಂದೆ."

"ಸರಿ."

"ಬರ್ತೀನಿ ಅಂತ ವಿಳಾಸ ಕೇಳ್ದ. ಎಲ್ಲರೂ ಬರ್ತೀವಿ ಅಂತಿದಾರೆ. ಅಪ್ಪನ ಪೆಟ್ಟಿಗೇನೇ ಇವರ 'ಮನೆ' ಇರ್ಬೇಕು. ಪ್ಲಗ್ಗು ವಾಪಸ್ ಹಾಕ್ಲಾ?"

"ಚಹಾದ ಸಮೋವಾರ್ ಕುದೀಲಿ ಮೊದ್ಲು," ಎಂದಳು ಸೈರಾಕಾನ್.

ಹನ್ನೊಂದರ ಹೊತ್ತಿಗೆ ಬರತೊಡಗಿದರು. ಯುರ್ತಿನ ಗೋಡೆ ಉಣ್ಣೆಯದು. ಹೊರಗಿನ ಮಾತೆಲ್ಲ ಒಳಗೆ ಸೋಸಿ ಬರುತ್ತಿತ್ತು. ಸೈರಾಕಾನ್ ಬೆನ್ನು ತಿರುಗಿಸಿಯೇ ಕೇಳಿಸಿಕೊಂಡಳು.

"ನಿಮಗೆ ಸುದ್ದಿ ಹೇಳಿದ್ಯಾರು?" ಝಾಪಾರನ ಗಡಸು ಧ್ವನಿ.

"ಯಾರೂ ಹೇಳಿಕಳಿಸ್ಲಿಲ್ಲ ಅಣ್ಣಾ. ಮನೆ ಮುಚ್ಚಿತ್ತು, ಫೋನ್ ಮಾಡಿ ಕೇಳಿದ್ವಿ, ಬಂದ್ವಿ."

"ನಮ್ಮ ತಮ್ಮ ನಿಮಗೆ ಹೇಗೆ ಗೊತ್ತು?"

"ಮುಖ ನೋಡಿಲ್ಲ. ಇವತ್ತೇ ಮೊದಲು."

"ಮುಖ ನೋಡದೆ ಮಣ್ಣಿಗೆ ಬಂದ್ರಾ?"

"ಹಾಡು ಕೊಟ್ಟೋರು ಅಣ್ಣಾ," ಎಂದ ಆ ಮನುಷ್ಯ. ದುಂಗಾನ್ ಪಂಗಡದವರ ಎಳೆದ ಮಾತು, ಮೆಣಸಿನಪುಡಿಯವನೇ ಇರಬೇಕು. "ನಮ್ಮಜ್ಜಿ ಮದುವೆಹಾಡು ಎಲ್ಲೂ ಸಿಕ್ಕಿರಲಿಲ್ಲ. ಇವರು ಎರಡು ವರ್ಷ ಹುಡುಕಿ ಹುಡುಕಿ ತೆಗೆದ್ರು. ನನ್ನ ಮಗಳ ಮದುವೇಲಿ ಅದನ್ನೇ ಹಾಕಿದ್ದು."

ಅಷ್ಟರಲ್ಲಿ ಇನ್ನೊಂದು ಗಂಡು ಧ್ವನಿ, "ತಾವು... ಅಜ್ಜನ ಮನೇಲಿ ಕೆಂಪುಮೆಣಸು ಅಂತ ಹೆಸರಿಟ್ಕೊಂಡೋರು ಅಲ್ವಾ?" ಎಂದಿತು.

"ಹೌದು. ತಾವು?"

"ಬೆಕ್ಕಿನಮರಿ."

"ಬೆಕ್ಕಿನಮರಿ ಅಂದ್ರೆ ಹೆಂಗಸು ಅಂದ್ಕೊಂಡಿದ್ನಲ್ಲಪ್ಪಾ! ಇಷ್ಟು ದೊಡ್ಡ ಮೀಸೆ!"

ಯಾರೋ ನಕ್ಕರು, ಕೂಡಲೇ ಸಾವಿನಮನೆಯೆಂದು ನೆನಪಾಗಿ ಕೆಮ್ಮಿದರು. ಒಟ್ಟು ಹದಿನಾಲ್ಕು ಮಂದಿ. ಮೂರು ಹಳ್ಳಿಯಷ್ಟಲ್ಲ ನಿಜ. ಆದರೆ ಚಿಕ್ಕ ಯುರ್ತಿಗೆ ಅಷ್ಟೇ ಹೆಚ್ಚಾಗಿ, ಗಂಡಸರು ಅಂಗಳದ ಜೋಕಾಲಿಯ ಕಂಬಗಳಿಗೆ ಒರಗಿ ನಿಲ್ಲಬೇಕಾಯಿತು. ಸ್ವಲ್ಪ ಹೊತ್ತಿಗೆ ಝಾಪಾರ್ ಎರ್ಮೆಕನ ಕಿವಿಯಲ್ಲಿ ಹೇಳುವುದು ಕೇಳಿಸಿತು: "ಕುರಿ ಸಾಲಲ್ಲ ಕಣೋ. ಇನ್ನೊಂದು ತರಿಸು."

ಒಳಗೆ ಬೇರೆ ಕಷ್ಟವಿತ್ತು. ಗಂಡ ಸತ್ತಾಗ ಹೆಂಡತಿ ಹಾಡಿ ಅಳಬೇಕು. ಅವನ ಗುಣವನ್ನೆಲ್ಲ ರಾಗದಲ್ಲಿ ಕಟ್ಟಿ ಹೇಳಬೇಕು. ಸೈರಾಕಾನ್ ಬಾಯಿ ಬಿಟ್ಟಿರಲಿಲ್ಲ. ಅವಳ ಬದಲು ಓರಗಿತ್ತಿ ಶಾರಿಪಾ ಎರಡು ದಿನದಿಂದ ಹಾಡುತ್ತಿದ್ದಳು. ಹಾಡಿದ್ದನ್ನೇ ಹಾಡುತ್ತ, ಸತ್ತವನನ್ನು ಒಮ್ಮೆ ಹದ್ದೆಂದು, ಒಮ್ಮೆ ಕುದುರೆ ಸವಾರನೆಂದು ಹೊಗಳುತ್ತಿದ್ದಳು. ಮೂಕಂಬೆತ್ ಜನ್ಮದಲ್ಲಿ ಕುದುರೆ ಹತ್ತಿದವನಲ್ಲ.

"ಕಟ್ಟಿಕೊಂಡವಳ ಬಾಯಿಗೆ ಬೀಗ, ನಾನು ಅರಚ್ತಾ ಕೂರ್ಬೇಕು," ಎಂದು ಶಾರಿಪಾ ಪಕ್ಕದವಳಿಗೆ ಕೇಳುವಂತೆ ಗೊಣಗಿದಳು.

❖

ಒಂದು ಕಾಲಕ್ಕೆ ಅವಳ ಬಾಯಿಗೆ ಬೀಗವಿರಲಿಲ್ಲ. ಟ್ರಾಲಿಬಸ್ ಡಿಪೋದಲ್ಲಿ ಟಿಕೆಟ್ ಕೊಡುತ್ತಿದ್ದ ಸೈರಾಕಾನ್ ಹಾಡಲು ನಿಂತರೆ ಮೆಕ್ಯಾನಿಕ್ಕುಗಳು ಗಾಡಿಯ ಅಡಿಯಿಂದ ಹೊರಬಂದು ಕೇಳುತ್ತಿದ್ದರು. ಮದುವೆಯಾದ ಹೊಸತರಲ್ಲಿ ಮೂಕಂಬೆತ್ ಒಂದು ಟೇಪ್ ರೆಕಾರ್ಡರ್ ತಂದ. ಅಡುಗೆಮನೆಯ ಕಿಟಕಿ ಮುಚ್ಚಿ, ಅವಳ ತಾಯಿಯಿಂದ ಬಂದ ಹಾಡುಗಳನ್ನು ಒಂದೊಂದಾಗಿ ಹಾಡಿಸಿ ತುಂಬಿಕೊಂಡ.

ಮೂವತ್ತೈದು ತುಂಬಿದಾಗ ಅವಳ ಕತ್ತಿನಲ್ಲಿ ಗಂಟು ಬೆಳೆಯಿತು. ಕೊಯ್ದು ತೆಗೆದರು. ಜೀವ ಉಳಿಯಿತು, ಧ್ವನಿ ಉಳಿಯಲಿಲ್ಲ. ಮೂರು ತಿಂಗಳು ಪಿಸುಮಾತು; ಆಮೇಲೆ ಬಂದದ್ದು ತುಕ್ಕು ಹಿಡಿದ ಬಾಗಿಲಿನಂಥ ಸ್ವರ. ಒಂದು ಸಂಜೆ ಅವಳು ಮನೆಗೆ ಬಂದಾಗ ಅವನು ಆ ಟೇಪನ್ನು ಸಣ್ಣಗೆ ಹಾಕಿಕೊಂಡು ಕೂತಿದ್ದ.

"ಎಸಿ ಅದನ್ನ," ಎಂದಳು.

"ಸೈರಾ..."

"ಸತ್ತೋಳ ದನಿ ಮನೇಲಿ ಬೇಡ. ಎಸಿ, ಇಲ್ಲ ನಾನೇ ಒಲೆಗೆ ಹಾಕ್ತೀನಿ."

ಅವನು ಟೇಪುಗಳನ್ನೆಲ್ಲ ಚೀಲಕ್ಕೆ ತುಂಬಿ ಮೆಟ್ಟಿಲಿಳಿದು ಹೋದ. ಬರಿಗೈಯಲ್ಲಿ ಬಂದ. "ಎಸೆದೆ," ಎಂದ. ಮುಂದೆ ಅವರಿಬ್ಬರ ನಡುವೆ ಆ ಮಾತು ಬರಲಿಲ್ಲ.

❖

ಮಧ್ಯಾಹ್ನದ ನಮಾಜಿಗೆ ಇನ್ನೇನು ಅರ್ಧ ಗಂಟೆ ಇರುವಾಗ ಒಬ್ಬ ಹೆಣ್ಣುಮಗಳು ಒಳಗೆ ಬಂದಳು. ಮೂವತ್ತರ ಆಸುಪಾಸು, ಕೋಟಿನ ಕೆಳಗೆ ಆಸ್ಪತ್ರೆಯ ನೀಲಿ ಬಟ್ಟೆ. ಪದ್ಧತಿಯಂತೆ ಸೈರಾಕಾನಳನ್ನು ತಬ್ಬಿ ಅತ್ತಳು, ಪಕ್ಕದಲ್ಲಿ ಕೂತಳು. ಹೆಸರು ಬೆರ್ಮೆತ್, ಕಾಂತ್ ಊರಿನಲ್ಲಿ ದಾದಿ.

"ನೀವು ಯಜಮಾನರ..." ಎಂದಳು ಮೆಲ್ಲಗೆ.

"ಹೆಂಡ್ತಿ."

ಹುಡುಗಿ ಅವಳ ಮುಖವನ್ನೇ ನೋಡಿದಳು. "ಹಾಗಾದ್ರೆ ಹಾಡೋರು ನೀವೇನಾ? 'ಮನೆಯವಳು' ಅಂತ ಇರೋದು?"

"ಏನು ಮನೆಯವಳು?"

"ಪೆಟ್ಟಿಗೇಲಿ ಒಂದು ಕಪಾಟಿನ ಹೆಸರು. ಹನ್ನೆರಡು ಹಾಡು. ಬೇರೆ ಏನನ್ನ ಬೇಕಾದ್ರೂ ತಗೊಂಡ್ಹೋಗಿ ಅನ್ನೋರು. ಇದನ್ನ ಮಾತ್ರ ನನ್ನ ಮನೇಲೇ ಕೇಳಿ, ಒಯ್ಯೋ ಹಾಗಿಲ್ಲ ಅಂತ ಕಟ್ಟುನಿಟ್ಟು."

ಸೈರಾಕಾನಳ ಕೈ ಶಾಲಿನ ಅಂಚನ್ನು ಹಿಡಿಯಿತು. ಉಟ್ಟ ಬಟ್ಟೆ ಜಾರಿದಾಗ ಹಿಡಿಯುವ ಹಾಗೆ.

"ಎಸೆದೆ ಅಂದಿದ್ದ," ಎಂದಳು.

ಬೆರ್ಮೆತ್‌ಗೆ ಅರ್ಥವಾಗಲಿಲ್ಲ.

"ಎಷ್ಟು ಜನ ಕೇಳಿದೀರಿ?"

"ಹೊರಗೆ ನಿಂತಿರೋರೆಲ್ಲ. ಕೆಲಸ ಮುಗಿಸಿ ಬೆಳಿಗ್ಗೆ ಬಸ್ಸಲ್ಲಿ ಕೂತ್ರೆ ಫೋನಲ್ಲಿ ನಂಗೆ ಅದೇ ಬೇಕು. ಇವತ್ತೂ ಅದೇ ಹಾಕಿದ್ದೆ, ನಡುವೆ ನಿಂತುಹೋಯ್ತು." ಅವಳು ತಡೆದು ಹೇಳಿದಳು. "ಬೇಜಾರ್ ಮಾಡ್ಕೋಬೇಡಿ ಅಕ್ಕಾ. ನಾವೆಲ್ಲ ನೀವು ಯಾವತ್ತೋ ತೀರಿಹೋಗಿದೀರಿ ಅಂದ್ಕೊಂಡಿದ್ವಿ. ಒಂದ್ಸಲ ಧೈರ್ಯ ಮಾಡಿ ಕೇಳ್ದೆ, ಈ ಹಾಡೋರು ಇದಾರಾ ಅಂತ."

"ಏನಂದ?"

"'ಇದಾಳೆ. ಅಡುಗೆಮನೇಲಿ ನನ್ನ ಬಯ್ತಾ ಇದಾಳೆ, ಏಳ್ಬೇಕು' ಅಂತ ಬರೆದ್ರು."

ಸೈರಾಕಾನ್ ಪರದೆಯ ಕಡೆ ತಿರುಗಿದಳು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೊನ್ನೆಯಿಂದ ಖಾಲಿ ಕೊಡದಂತಿದ್ದ ಎದೆಯೊಳಗೆ ಮೊದಲ ಸಲ ಬಂದು ತುಂಬಿದ್ದು ಆ ಸಿಟ್ಟೇ. ಒಂದು ಮಾತು ಕೇಳಲಿಲ್ಲ. ಇಪ್ಪತ್ತೈದು ವರ್ಷ ಎದುರಿಗೆ ಕೂತು ಚಹಾ ಕುಡಿದ. ಒಂದೇ ಒಂದು ಮಾತು.

ಅಷ್ಟರಲ್ಲಿ ಹೊರಗೆ ಗದ್ದಲವಾಯಿತು. ನಾಲ್ವರು ಗಂಡಸರು ಒಳಗೆ ಬಂದರು, ಪರದೆ ಸರಿಸಿದರು. ಕಂಬಳಿಯಲ್ಲಿ ಸುತ್ತಿದ್ದ ಮೂಕಂಬೆತ್‌ನನ್ನು ಎತ್ತಿದರು. ಹೆಣ ಹೊಸ್ತಿಲು ದಾಟುವ ಹೊತ್ತು ಹೆಂಗಸರು ಎಲ್ಲಕ್ಕಿಂತ ಗಟ್ಟಿಯಾಗಿ ಹಾಡಿ ಅಳಬೇಕು. ಶಾರಿಪಾ ಬಾಯಿ ತೆರೆದಳು. ಬರೀ ಗಾಳಿ ಬಂತು. ಗಂಟಲು ಮುಟ್ಟಿ ತೋರಿಸಿ ತಲೆಯಾಡಿಸಿದಳು. ಎಲ್ಲರೂ ಸೈರಾಕಾನಳನ್ನು ನೋಡಿದರು.

ಸೈರಾಕಾನ್ ಬೆರ್ಮೆತಳ ತೋಳು ಹಿಡಿದಳು. "ಮೂರನೇ ಹಾಡಿನ ರಾಗ ಬರುತ್ತಾ?"

"ಬರುತ್ತೆ. ಆದ್ರೆ ನಾನು ನೆಂಟರವಳಲ್ಲ, ನಾನ್ಹೇಗೆ..."

"ಒಯ್ಯಬೇಡ ಅಂದಿದ್ನಲ್ಲ, ಒಯ್ದಿದೀಯಲ್ಲ ತಲೇಲಿ? ಹಾಡು. ಮಾತು ನಾನು ಹೇಳ್ತೀನಿ."

ಅವಳು ತನ್ನ ತುಕ್ಕು ಸ್ವರದಲ್ಲಿ ಹುಡುಗಿಯ ಕಿವಿಗೆ ಒಂದು ಸಾಲು ಹೇಳಿದಳು. ಬೆರ್ಮೆತ್ ಕಣ್ಣು ಮುಚ್ಚಿ ಎತ್ತಿಕೊಂಡಳು:

"ಎಸೆದೆನೆಂದೆ, ಎಸೆಯಲಿಲ್ಲ,
ಸುಳ್ಳುಗಾರ, ನನ್ನ ದೊರೆಯೆ..."

ಶಾರಿಪಾ ಬೆಚ್ಚಿದಳು. ಸತ್ತವನನ್ನು ಬಯ್ದು ಅಳುವುದನ್ನು ಅವಳು ಕೇಳಿರಲಿಲ್ಲ. ಸೈರಾಕಾನ್ ಮತ್ತೆ ಬಗ್ಗಿದಳು, ಹುಡುಗಿ ಮತ್ತೆ ಹಾಡಿದಳು:

"ಕೇಳದೇನೆ ಕೊಟ್ಟೆ ನನ್ನ,
ಕಂಡು ಕೇಳದ ಊರಿಗೆಲ್ಲ..."

ಹೊರಗೆ ಜೋಕಾಲಿಯ ಬಳಿ ಗಂಡಸರ ಪಿಸುಮಾತು ನಿಂತಿತು. ಹೊತ್ತವರ ಹೆಜ್ಜೆ ಬಾಗಿಲ ಬಳಿ ಒಂದು ಗಳಿಗೆ ತಡೆಯಿತು. "ಇದು... ನಮ್ಮ ಸೈರಾಳ ರಾಗ ಅಲ್ವೇನೋ?" ಎಂದ ಝಾಪಾರ್, ಯಾರಿಗೂ ಅಲ್ಲದೆ. ಆಮೇಲೆ ಟೊಪ್ಪಿಗೆ ಸರಿಮಾಡಿಕೊಂಡು ತಮ್ಮನಿಗೆ ಹೆಗಲು ಕೊಟ್ಟ.

ಹುಡುಗಿ ರಾಗವನ್ನು ಮೇಲಕ್ಕೆ ಒಯ್ದಳು. ಅವಳ ಸ್ವರ ಸೈರಾಕಾನಳದಕ್ಕಿಂತ ತೆಳು, ಆದರೆ ದಾರಿ ಅದೇ. ಮೂರನೇ ತಿರುವಿನಲ್ಲಿ, ಮುಗಿಯದ ಪದದ ನಟ್ಟನಡುವೆ, ಅವಳು ಸಟ್ಟನೆ ಉಸಿರು ತೆಗೆದುಕೊಂಡಳು. ಯಾವ ಹಾಡುಗಾರರೂ ಅಲ್ಲಿ ಉಸಿರು ತೆಗೆದುಕೊಳ್ಳುವುದಿಲ್ಲ. ಆ ಅಡುಗೆಮನೆಯಲ್ಲಿ ಟೇಪಿಗೆ ಹಾಡುವಾಗ, ಹೊಟ್ಟೆಯಲ್ಲಿ ಏಳು ತಿಂಗಳ ಎರ್ಮೆಕ್ ಇದ್ದಾಗ, ಉಸಿರು ಸಾಲದೆ ಸೈರಾಕಾನ್ ತೆಗೆದುಕೊಂಡಿದ್ದ ಉಸಿರು ಅದು.

ಸೈರಾಕಾನ್ ಕೈ ಚಾಚಿ ಹುಡುಗಿಯ ಬೆನ್ನ ಮೇಲೆ ಅಂಗೈ ಇಟ್ಟಳು. ಮುಂದಿನ ಸಾಲಿನಲ್ಲಿ ಅದೇ ತಿರುವು ಬಂದಾಗ, ಬರುವುದಕ್ಕೆ ಒಂದು ಚಣ ಮೊದಲೇ, ಮೆಲ್ಲಗೆ ಒತ್ತಿದಳು.