ಎಂಟು ಜನರ ಮೂಲೆ

ನಮ್ಮ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು ಅಮೆರಿಕದ ಅಯೋವಾ ರಾಜ್ಯದ ನಮ್ಮೂರ ಶಾಲೆಯಲ್ಲಿ ಅರವತ್ತು ಮಂದಿ ಸೇರಿದ್ದೆವು. ಒಬ್ಬೊಬ್ಬ ಆಕಾಂಕ್ಷಿಯ ಕಡೆಯವರು ಒಂದೊಂದು ಮೂಲೆಯಲ್ಲಿ ನಿಲ್ಲಬೇಕು. ಒಂಬತ್ತು ಜನರಿಲ್ಲದ ಮೂಲೆ ಲೆಕ್ಕಕ್ಕಿಲ್ಲ. ಸ್ಪರ್ಧೆಗೆ ಹೊಸಬಳಾದ ಟೀಚರಮ್ಮನ ಕಡೆ ನಮ್ಮೂರ ರೈತ ಹೆಂಗಸು ಲವೊನ್ ಸೇರಿ ಎಂಟೇ ಜನ.

"ಬಾರೇ ಈ ಕಡೆ," ಎದುರಿಗಿದ್ದ ಸೆನೆಟರ ಮೂಲೆಯಿಂದ ಅವಳ ಗಂಡ ಡೆಲ್ಮರ್ ಕೂಗಿದ. "ಮೂರು ತಿಂಗಳ ಹಿಂದೆ ನಿನ್ನ ಟೀಚರನ್ನ ಯಾರು ಕಂಡಿದ್ರು?"

"ನಾನು ಕಂಡಿದ್ದೆ. ಕೊಟ್ಟಿಗೇಲಿ ಒಂದು ಗಂಟೆ ಕೂತು ನಮ್ಮ ಕಷ್ಟ ಕೇಳಿದ್ಲು. ನಿನ್ನ ಸೆನೆಟರು ಕಾರಿಂದ ಇಳಿದಿದ್ನಾ?"

ಡೆಲ್ಮರ್ ಕಡೆಯವರೇ ನಕ್ಕುಬಿಟ್ಟರು.

"ಬೇರೆ ಮೂಲೆಗೆ ಹೋಗಿ ಅಕ್ಕ," ಅಂದ ಸಭೆ ನಡೆಸುತ್ತಿದ್ದ ಆರ್ಲಿಸ್. "ಇಲ್ಲಾಂದ್ರೆ ನಿಮ್ಮ ವೋಟಿಗೆ ಸೊನ್ನೆ ಬರೀಬೇಕಾಗುತ್ತೆ."

ಉಳಿದ ಏಳು ಜನ ತಲೆ ತಗ್ಗಿಸಿ ಬೇರೆ ಮೂಲೆಗಳಿಗೆ ಹೊರಟರು. ಲವೊನ್ ಕದಲಲಿಲ್ಲ.

"ಬರ್ಕೊಳ್ಳಪ್ಪ. ಆದ್ರೆ ನಾನು ನಿಂತಿರೋದನ್ನ ನೋಡ್ಕೊಂಡೇ ಬರಿ."