ರಜನಿ ಕಾಲಿಟ್ಟ ಹವಳ

ವೇಮಗಲ್‌ನ ಮುನಿಯಲ್ಲಮ್ಮನ ಮನೆಯಲ್ಲಿ ಗ್ಯಾಸ್ ಬುಕ್ ಮಾಡಬೇಕಾದರೂ, ಜ್ವರಕ್ಕೆ ಮಾತ್ರೆ ಕೊಡಬೇಕಾದರೂ ಚಿಕ್ಕ ಸೊಸೆ ಧನಶ್ರೀಯನ್ನೇ ಕೇಳುತ್ತಿದ್ದರು. ದೊಡ್ಡ ಸೊಸೆ ರಜನಿಗೆ ಇದೇ ಹೊಟ್ಟೆಯುರಿ. ಮೊದಲು ಮನೆಗೆ ಬಂದವಳು ತಾನು, ಮಾತು ನಡೆಯುವುದು ಅವಳದು.

ರಾಗಿ ಒಕ್ಕಣೆ ಮುಗಿಸಿ ಅತ್ತೆ ಸೊಸೆಯರು ಮೂವರೂ ರಾಮೇಶ್ವರಕ್ಕೆ ಹೋದರು. ದರ್ಶನವಾದ ಮರುದಿನ ಹತ್ತಿರದ ಸಾಗರ ಉದ್ಯಾನ ನೋಡಲು ದೋಣಿ ಹತ್ತಿದರು. ದೋಣಿಯ ತಳಕ್ಕೆ ಗಾಜು. ಕೆಳಗೆ ಹೂಕೋಸಿನಂಥ, ಜಿಂಕೆಯ ಕೊಂಬಿನಂಥ ಹವಳದ ದಿಬ್ಬಗಳು, ನಡುವೆ ಪಟ್ಟೆಪಟ್ಟೆ ಮೀನುಗಳು.

"ಧನು, ಇದೇನಮ್ಮಾ, ಕಲ್ಲಾ ಗಿಡಾನಾ?" ಎಂದರು ಅತ್ತೆ. ಪಕ್ಕದಲ್ಲೇ ಕೂತ ತನ್ನನ್ನು ಕೇಳಲಿಲ್ಲವಲ್ಲ ಎಂದು ರಜನಿಯ ಮುಖ ಗಂಟಾಯಿತು.

"ಎರಡೂ ಅಲ್ಲ ಅತ್ತೆ, ಹವಳ. ಸಣ್ಣ ಸಣ್ಣ ಜೀವಗಳು ಸೇರ್ಕೊಂಡು ಕಟ್ಟಿರೋದು. ಬೆರಳಷ್ಟು ಬೆಳೆಯೋಕೆ ವರ್ಷಗಟ್ಟಲೆ ಬೇಕು. ಎಷ್ಟೋ ಮೀನಿಗೆ ಇದೇ ಮನೆ."

"ಹವಳ ಅಂದ್ರೆ ಸರಕ್ಕೆ ಪೋಣಿಸೋ ಕಲ್ಲು ಕಣೇ," ಎಂದಳು ರಜನಿ. "ಎಲ್ಲಾ ನಿಂಗೇ ಗೊತ್ತಿರೋ ಹಾಗೆ ಆಡ್ಬೇಡ."

ಸೊಂಟದಷ್ಟು ನೀರಿದ್ದ ಕಡೆ ದೋಣಿ ನಿಂತಿತು. ಸೊಸೆಯರಿಬ್ಬರೂ ಲೈಫ್ ಜಾಕೆಟ್ ತೊಟ್ಟು ಇಳಿದರು. "ಅಕ್ಕ, ಮರಳ ಮೇಲೇ ನಿಂತ್ಕೋ. ಹವಳ ತುಳೀಬೇಡ," ಎಂದಳು ಧನಶ್ರೀ. ಬೇರೆ ಯಾರಾದರೂ ಹೇಳಿದ್ದರೆ ರಜನಿ ಕೇಳುತ್ತಿದ್ದಳೇನೋ. ಧನಶ್ರೀ ಹೇಳಿದಳೆಂದೇ ಬೇಕಂತ ಹವಳದ ಮೇಲೆ ಕಾಲಿಟ್ಟಳು.

ಹವಳ ಲಟಕ್ಕೆಂದು ಮುರಿಯಿತು. ರಜನಿ ಜಾರಿ ಬಿದ್ದು ಉಪ್ಪುನೀರು ಕುಡಿದಳು. ಧನಶ್ರೀ ಜಾಕೆಟ್ಟಿನ ಪಟ್ಟಿ ಹಿಡಿದು ಎಬ್ಬಿಸಿದಳು. ರಜನಿಯ ಅಂಗಾಲು ಕುಯ್ದು ರಕ್ತ ಬರುತ್ತಿತ್ತು. ಮುರಿದ ಕೊಂಬೆಯನ್ನು ರಜನಿ ಕೈಗೆತ್ತಿಕೊಂಡಳು. ಅದರ ಮೈಯೆಲ್ಲ ಲೋಳೆ. ಕಲ್ಲು ಮುರಿದರೆ ಲೋಳೆ ಒಸರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು.

"ಮತ್ತೆ ಅಂಟಿಸೋಕಾಗುತ್ತಾ?"

"ನಮ್ಮ ಕೈಲಾಗಲ್ಲ ಅಕ್ಕ. ಇಲ್ಲೇ ಬಿಡು. ಮನೆಗೆ ಒಯ್ದರೆ ಕೇಸಾಗುತ್ತೆ."

ರಜನಿ ಅದನ್ನು ಅಲ್ಲೇ ಬಿಟ್ಟು ದೋಣಿ ಹತ್ತಿದಳು. ಅತ್ತೆ ವಿಚಾರಿಸಿದಾಗ ಧನಶ್ರೀ, "ಕಾಲು ಜಾರ್ತು ಅಷ್ಟೇ," ಎಂದು ಮುಚ್ಚಿಟ್ಟಳು. ಅದಕ್ಕೂ ರಜನಿಯ ಹೊಟ್ಟೆ ಉರಿಯಿತು. ಒಳ್ಳೆಯವಳಾಗುವುದರಲ್ಲೂ ಅವಳೇ ಮುಂದೆ.

ಊರಿಗೆ ಮರಳಿದ ದಿನ ಪಕ್ಕದ ಮನೆಯ ದೊಡ್ಡಮುನಿಯಮ್ಮ ಬಂದು, "ಶೋಕೇಸಿಗೆ ಒಂದು ಚೂರು ಹವಳ ತರಬಾರದಿತ್ತೇನ್ರೇ?" ಎಂದರು. ಅತ್ತೆ ಎಂದಿನಂತೆ ಧನಶ್ರೀಯ ಕಡೆ ನೋಡಿದರು. ಅವಳು ಬಾಯಿ ತೆರೆಯುವ ಮೊದಲೇ ರಜನಿ, "ಅದು ಕಲ್ಲಲ್ಲ ದೊಡ್ಡಮ್ಮ, ಜೀವ. ತುಳೀಬಾರ್ದು, ಮುರೀಬಾರ್ದು. ಕೂತ್ಕೊಳ್ಳಿ, ನಾನ್ ಹೇಳ್ತೀನಿ," ಎಂದಳು. ಅತ್ತೆ ಅವಳತ್ತ ತಿರುಗಿ ಕೂತರು.

ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಕೋಲಾರಕ್ಕೆ ಕಡಲು ದೂರ. ಅಪರೂಪಕ್ಕೆ ಹೋದಾಗ ಲೈಫ್ ಜಾಕೆಟ್ ಬಿಚ್ಚಬೇಡಿ. ಹವಳವನ್ನು ಮುಟ್ಟಬೇಡಿ, ತುಳಿಯಬೇಡಿ, ದಂಡೆಯಲ್ಲಿ ಯಾರಾದರೂ ಮಾರಿದರೂ ಕೊಳ್ಳಬೇಡಿ. ನೀರಿಗೆ ಪ್ಲಾಸ್ಟಿಕ್ ಎಸೆಯಬೇಡಿ. ಕಣ್ತುಂಬ ನೋಡಿ ಬನ್ನಿ. ನಿಮ್ಮ ನಂತರ ಹೋಗುವವರಿಗೂ ಅದು ಅಲ್ಲಿರಲಿ.