ತೆರೆಗೆ ಬಾರದ ಹೆಸರು

ನಾನು ಒಂದು ರಟ್ಟು. ಒಂದೂವರೆ ಅಡಿ ಅಗಲ, ಒಂದು ಅಡಿ ಎತ್ತರ. ಅಂಗಡಿಯಿಂದ ಬಂದಾಗ ಬೂದು ಬಣ್ಣಕ್ಕಿದ್ದೆ. ಮದರಾಸಿನ ಒಂದು ಬಾಡಿಗೆ ಕೋಣೆಯಲ್ಲಿ ವೀರಭದ್ರಾಚಾರ್ ಎಂಬುವರು ಎರಡು ಸಲ ಕಪ್ಪು ಬಳಿದು, ಒಣಗಿಸಿ, ನನಗೆ ಒಂದು ರೂಪ ಕೊಟ್ಟರು.

ಆಚಾರ್ರು ಮಧುಗಿರಿಯವರು. ಸಿನಿಮಾದ ಶುರುವಿನಲ್ಲಿ ಬರುವ ಹೆಸರುಗಳನ್ನು ಬರೆಯುವುದು ಅವರ ಕಸುಬು. ನೀವು ಕಡಲೆಕಾಯಿ ಪೊಟ್ಟಣ ಬಿಚ್ಚುತ್ತ, ಸೀಟು ಹುಡುಕುತ್ತ ನೋಡದೆ ಬಿಡುತ್ತೀರಲ್ಲ, ಅವೇ ಹೆಸರುಗಳು. ಅವಕ್ಕೂ ಮದುವೆ ಊಟದ ಎಲೆಯ ಹಾಗೆ ಒಂದು ಕ್ರಮವಿದೆ. ಮೊದಲು ದೇವರ ವಿಗ್ರಹ, ಗಂಟೆಯ ಸದ್ದು, ಮೇಲಿನಿಂದ ಬೀಳುವ ಹೂವು. ಆಮೇಲೆ ಚಿತ್ರದ ಹೆಸರು. ನಾಯಕ, ನಾಯಕಿಗೆ ಒಂದೊಂದು ರಟ್ಟು. ಉಳಿದ ನಟರು ಒಂದೇ ರಟ್ಟಿನಲ್ಲಿ ಜೋಡಿಜೋಡಿಯಾಗಿ. ಕಟ್ಟಕಡೆಗೆ ನಿರ್ದೇಶಕರು. ಸಂಗೀತದ ಕೊನೆಯ ಏಟು ಅವರ ಹೆಸರಿನ ಮೇಲೆಯೇ ಬೀಳಬೇಕು. ಇದರಲ್ಲಿ ಹೆಚ್ಚುಕಮ್ಮಿಯಾಗಿ ಮಾತು ಬಿಟ್ಟವರನ್ನು ನಾನು ಬಲ್ಲೆ.

ಹನ್ನೊಂದು ವರ್ಷ ಆಚಾರ್ರು ಊರವರ ಹೆಸರನ್ನೆಲ್ಲ ಬರೆದಿದ್ದರು. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಅವರ ಹೆಸರು ಮಾತ್ರ ಎಲ್ಲೂ ಬಂದಿರಲಿಲ್ಲ. ಅವರೂ ಕೇಳಿದವರಲ್ಲ. ಆ ವರ್ಷ ನಿರ್ಮಾಪಕ ಚೌಡಪ್ಪನವರು ತಾವಾಗಿಯೇ ಹೇಳಿದರು: "ಈ ಸಲ ನಿಮ್ದೂ ಒಂದು ಕಾರ್ಡ್ ಬರ್ಕೊಳ್ಳಿ ಆಚಾರ್ರೇ. ಎಷ್ಟು ದಿನ ಅಂತ ಹಿಂದೇನೇ ಇರ್ತೀರಿ?"

ಆ ಕಾರ್ಡೇ ನಾನು. 'ಶೀರ್ಷಿಕೆ' ಎಂದು ಸಣ್ಣದಾಗಿ, ಅದರ ಕೆಳಗೆ 'ವೀರಭದ್ರಾಚಾರ್' ಎಂದು ದಪ್ಪನಾಗಿ. ನಾಯಕನ ಹೆಸರನ್ನು ಒಂದು ಗಂಟೆಯಲ್ಲಿ ಮುಗಿಸುವ ಮನುಷ್ಯ ನನಗೆ ಎರಡು ದಿನ ತೆಗೆದುಕೊಂಡರು. ನನಗೆ ಸ್ವಲ್ಪ ಜಂಬ ಬಂದದ್ದು ನಿಜ.

ಅವರ ಹೆಂಡತಿ ಕಾಳಮ್ಮನಿಗೆ ಓದು ಬಾರದು. ಗಂಡನ ಹೆಸರನ್ನು ಬಾಯಲ್ಲಿ ಹೇಳುವ ರೂಢಿಯೂ ಆಕೆಗಿಲ್ಲ. ಆದರೆ ತೆರೆಯ ಮೇಲೆ ಬಂದರೆ ಗುರುತು ಹಿಡಿಯಬೇಕಲ್ಲ. ಒಲೆ ಆರಿಸಿ ಬಂದು ದಿನಾ ಮಧ್ಯಾಹ್ನ ನನ್ನ ಮುಂದೆ ಕೂರುತ್ತಿದ್ದಳು.

"ಈ ಮೂರನೇದಕ್ಕೆ ಹೊಟ್ಟೆ ಸೀಳೈತಲ್ಲ, ಅದೇನ್ರೀ?"

"ಅದು 'ಭ' ಕಣೇ."

"ಮುಂದಿಂದಕ್ಕೆ ಕೆಳಗಡೆ ಬಾಲ."

"ಹೂಂ. ಆ ಬಾಲ ನೋಡ್ಕೊ ಸಾಕು, ತಪ್ಪಲ್ಲ."

ಹದಿನೈದು ದಿನದಲ್ಲಿ ಆಕೆ ಆ ಒಂದು ಹೆಸರನ್ನು ಓದಲು ಕಲಿತಳು. ಬೇರೆ ಒಂದಕ್ಷರವೂ ಬೇಕೆನ್ನಲಿಲ್ಲ. ಮಧುಗಿರಿಯ ತಂಗಿಗೆ ಕಾಗದ ಬರೆಸಿ ಹಾಕಿದಳು: ನಿಮ್ಮ ಭಾವನ ಹೆಸರು ಸಿನಿಮಾದಲ್ಲಿ ಬರುತ್ತದೆ, ನಾವು ಬರುತ್ತೇವೆ, ಎಲ್ಲರೂ ಕೂಡಿ ನೋಡೋಣ.

ನಮ್ಮನ್ನೆಲ್ಲ ಕ್ಯಾಮೆರಾ ಮುಂದೆ ನಿಲ್ಲಿಸಿ ಚಿತ್ರ ತೆಗೆದದ್ದಾಯಿತು. ಸಂಕಲನದ ಕೋಣೆಯಲ್ಲಿ ಹೆಸರುಗಳನ್ನು ಸಂಗೀತಕ್ಕೆ ಹೊಂದಿಸಿ ನೋಡುವ ದಿನ ತುಂಗಾಬಾಯಿ ಬಂದರು. ನಾಟಕ ಕಂಪನಿಯಲ್ಲಿ ನಲವತ್ತು ವರ್ಷ ಬಣ್ಣ ಹಚ್ಚಿದ ಮುದುಕಿ. ಈ ಚಿತ್ರದಲ್ಲಿ ನಾಯಕನ ಅಜ್ಜಿ. ಅವರಿಗೆ ಇದು ಮೊದಲ ಸಿನಿಮಾ. ಹೆಸರುಗಳೆಲ್ಲ ಹೋದ ಮೇಲೆ ಮೆಲ್ಲಗೆ ಕೇಳಿದರು: "ನಂದು ಬರ್ಲಿಲ್ವಲ್ಲಪ್ಪಾ?"

ಆಚಾರ್ರು ಪಟ್ಟಿ ತೆಗೆದು ನೋಡಿದರು. ತಪ್ಪು ಅವರದೇ. ನಟರ ಪಟ್ಟಿಯಲ್ಲಿ ಒಟ್ಟು ಒಂಬತ್ತು ಹೆಸರಿದ್ದವು. ಎಂಟು ಜೋಡಿಯಾಗಿ ಕೂತವು, ಒಂದು ಉಳಿಯಿತು. ಸಾಲು ಸೊಟ್ಟಗಾಗುತ್ತದೆಂದು ಆ ಒಂದನ್ನು ಪಕ್ಕಕ್ಕಿಟ್ಟರು. ಹಿರಿಯರು, ಬೇರೆ ರಟ್ಟಿನಲ್ಲಿ 'ಮತ್ತು' ಎಂದು ಹಾಕಿ ಮರ್ಯಾದೆಯಿಂದ ಬರೆಯೋಣ ಅಂದುಕೊಂಡರು. ಆಮೇಲೆ ನನ್ನನ್ನು ಬರೆಯಲು ಕೂತವರು ಅದನ್ನು ಮರೆತೇಬಿಟ್ಟರು. ಆ ಎರಡು ದಿನ ನಾನು ಹಿಗ್ಗುತ್ತಿದ್ದೆ ಎಂಬುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ಸಂಜೆಯೊಳಗೆ ಬರ್ದುಕೊಡ್ತೀನಿ," ಎಂದರು.

ಸಂಕಲನಕಾರ ತಲೆಯಾಡಿಸಿದ. "ಬರೀಬೋದು ಸಾರ್, ಹಾಕೋದೆಲ್ಲಿ? ಮ್ಯೂಸಿಕ್ ಆಗೋಗಿದೆ. ಒಂದು ಕಾರ್ಡ್ ಸೇರಿಸಿದ್ರೆ ಡೈರೆಕ್ಟರ್ ಹೆಸರು ಏಟಿಂದಾಚೆ ಬೀಳುತ್ತೆ. ಒಂದು ತೆಗೀಬೇಕು. ಯಾರದ್ದು ತೆಗೀಲಿ, ನೀವೇ ಹೇಳಿ."

ಆಚಾರ್ರು ರಟ್ಟುಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಯಾರ ಹೆಸರು ತೆಗೆದರೂ ಅವರು ಕೇಳಲು ಬರುತ್ತಿದ್ದರು. ಕೇಳಲು ಬಾರದವರು ಒಬ್ಬರೇ ಇದ್ದರು.

"ನಂದು ತೆಗೀರಿ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕತ್ತರಿ ಎರಡು ಸಲ ಸದ್ದು ಮಾಡಿತು, ನನ್ನ ಬಿಂಬವಿದ್ದ ತುಂಡು ಬುಟ್ಟಿಗೆ ಬಿತ್ತು. ಅಷ್ಟರಲ್ಲಿ ಹೊರಗೆ ಹೋಗಿ ಕೂತಿದ್ದ ತುಂಗಾಬಾಯಿಗೆ ಇದೊಂದೂ ತಿಳಿಯಲಿಲ್ಲ. "ನಿನ್ನ ಕೈ ತಣ್ಣಗಿರಲಿ," ಎಂದು ಹರಸಿ ಹೋದರು.

ನನ್ನನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದ ಆಚಾರ್ರು ಹೇಳಲು ಬಾಯಿ ತೆರೆದದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ಕಾಳಮ್ಮ ಊರಿಗೆ ಉಡಲು ಯಾವ ಸೀರೆ ಎಂದು ಕೇಳಿದಳು. "ಹಸಿರು ಉಟ್ಕೊ," ಎಂದರು. ಅಲ್ಲಿಗೆ ಮುಗಿಯಿತು.

ಮಧುಗಿರಿಯ ಟಾಕೀಸಿಗೆ ಕಾಳಮ್ಮ ನನ್ನನ್ನೂ ಟವೆಲಿನಲ್ಲಿ ಸುತ್ತಿ ತಂದಳು. ತಾಳೆ ನೋಡಲು. ತೊಡೆಯ ಮೇಲೆ ನಾನು, ಆ ಕಡೆ ತಂಗಿ, ಈ ಕಡೆ ಗಂಡ. ದೇವರು ಬಂದ, ಹೂವು ಬಿತ್ತು, ಹೆಸರುಗಳು ಬಂದು ಬಂದು ಹೋದವು. ಕೊನೆಯ ಏಟು ಬಿತ್ತು.

"ಅಯ್ಯೋ, ಕಣ್ಣು ಮಿಟುಕಿಸ್ಬಿಟ್ನೇನೋ. ಬಂತೇನ್ರೀ?"

"ಹೂಂ, ಬಂತು," ಎಂದರು ಆಚಾರ್ರು.

ಮರುದಿನ ತಂಗಿಯನ್ನು ಕರೆದುಕೊಂಡು ಮತ್ತೆ ಹೋದಳು. ತಡವಾಗಿ ಬಂದವನೊಬ್ಬ ತೆರೆಗೆ ಅಡ್ಡ ನಿಂತ. ಅವನನ್ನು ಚೆನ್ನಾಗಿ ಬೈದಳು. ಮೂರನೇ ದಿನ ನಾವಿಬ್ಬರೇ ಹೋದೆವು. ಆಕೆ ಎಲ್ಲರಿಗಿಂತ ಮುಂದಿನ ಬೆಂಚಿನಲ್ಲಿ ಕೂತಳು. ಅಡ್ಡ ಯಾರೂ ಇರಲಿಲ್ಲ. ಕಣ್ಣಲ್ಲಿ ನೀರು ಬಂದರೂ ರೆಪ್ಪೆ ಬಡಿಯಲಿಲ್ಲ. ಕೊನೆಯ ಏಟು ಬಿದ್ದ ಮೇಲೆ ನನ್ನನ್ನು ಮತ್ತೆ ಟವೆಲಿನಲ್ಲಿ ಸುತ್ತಿ ಎದ್ದುಬಂದಳು. ಕತೆ ನೋಡಲಿಲ್ಲ.

ಮನೆಯಲ್ಲಿ ಎಲ್ಲರೂ ಕೇಳಿದರು. "ಬಂತು. ಎಷ್ಟು ಚೆನ್ನಾಗಿತ್ತು ಅಂತೀಯಾ," ಎಂದಳು. ಆಚಾರ್ರು ಎದ್ದು ಹೊರಗೆ ಹೋದರು. ನನಗೆ ನಾಲಗೆಯಿಲ್ಲ, ಇದ್ದಿದ್ದರೂ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

ಆಮೇಲೆ ಹೆಸರುಗಳನ್ನು ಬರೆಯಲು ಯಂತ್ರ ಬಂತು. ಗಂಡ ಹೆಂಡತಿ ಊರಿಗೆ ವಾಪಸಾದರು. ನನ್ನನ್ನು ದೇವರ ಗೂಡಿನ ಪಕ್ಕ ಒರಗಿಸಿದರು. ಇಪ್ಪತ್ತಾರು ವರ್ಷ ಆ ಮಾತು ಆ ಮನೆಯಲ್ಲಿ ಬರಲಿಲ್ಲ. ಹಾಸಿಗೆ ಹಿಡಿದ ಮೇಲೆ ಒಂದು ಬೆಳಿಗ್ಗೆ, ಗಂಜಿ ಕುಡಿಸುತ್ತಿದ್ದವಳ ಕೈ ತಡೆದು ಆಚಾರ್ರು ಹೇಳಿದರು: "ಕಾಳೀ, ಆ ಹೆಸರು ಬರ್ಲೇ ಇಲ್ಲ ಕಣೇ. ನಾನೇ ತೆಗೆಸ್ದೆ."

"ಗೊತ್ತು."

"ಗೊತ್ತಾ? ಮತ್ಯಾಕೆ ಎಲ್ರಿಗೂ ಬಂತು ಅಂದೆ?"

"ನೀವು ಬಂತು ಅಂದ್ರಲ್ಲ. ಗಂಜಿ ಕುಡೀರಿ, ಆರೋಗ್ತದೆ."

ಆ ವಾರವೇ ಅವರು ಹೋದರು.

ಈಗ ನನ್ನ ಬಣ್ಣ ಚಕ್ಕೆಯೇಳುತ್ತಿದೆ. ಕಾಳಮ್ಮನಿಗೂ ಕಣ್ಣು ಕಾಣುವುದಿಲ್ಲ. ಸ್ನಾನ ಮಾಡಿ ಬಂದು ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸುತ್ತಾಳೆ. ಸಾವಿರ ಜನ ಒಂದು ಗಳಿಗೆ ನೋಡಿ ಮರೆಯಲೆಂದು ನನ್ನನ್ನು ಬರೆದಿದ್ದರು. ಒಬ್ಬಳೇ ಇಷ್ಟು ವರ್ಷ ಓದಿದಳು. ಹೋದ ಬೇಸಿಗೆಯಲ್ಲಿ 'ಭ' ಪೂರ್ತಿ ಉದುರಿತು. ಆಕೆಗೆ ತಿಳಿದಿಲ್ಲ. ಅಕ್ಷರವಿಲ್ಲದ ಆ ಜಾಗದಲ್ಲಿ ಬೆರಳು ತಾನಾಗಿಯೇ ನಿಂತು, ಹೊಟ್ಟೆ ಸೀಳಿ, ಮುಂದಕ್ಕೆ ಹೋಗುತ್ತದೆ.